ಹೇಳಿದ ಹೊತ್ತು

ಅಣ್ಣನ ಎಡಗಿವಿಯ ಹಿಂದೆ, ಮೂಳೆ ಉಬ್ಬಿದ ಜಾಗದಲ್ಲಿ, ಸದಾ ಒಂದು ದುಂಡನೆಯ ಕಪ್ಪು ಕಲೆ ಇರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಅಲ್ಲಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಒಳಗಿನ ಸದ್ದು ಕೇಳುವುದು ಅವನ ಅಭ್ಯಾಸ. ಕೈಯ ಗ್ರೀಸು ಹಿಡಿಗೆ, ಹಿಡಿಯ ಗ್ರೀಸು ಕಿವಿಗೆ. ಮದುವೆಗೆ ಸೂಟು ಹಾಕಿಕೊಂಡು ಹೊರಟಾಗಲೂ ಅತ್ತಿಗೆ ಸೆರಗಿನ ತುದಿ ಒದ್ದೆ ಮಾಡಿ ಅದನ್ನು ಉಜ್ಜುತ್ತಿದ್ದರು. ಹೋಗುತ್ತಿರಲಿಲ್ಲ.

ನಾವು ಕುಂದಾಪುರದ ಕಡೆಯವರು. ಊರಲ್ಲಿ ಅಣ್ಣ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದ. ಆ ರಸ್ತೆಯಲ್ಲಿ ಬಸ್ಸಿನ ಬೆನ್ನಿಗೆ ಬಸ್ಸು ಓಡುತ್ತದೆ. ಇಂಥ ಸ್ಟಾಪಿಗೆ ಇಂಥ ಬಸ್ಸು ಇಂಥ ಹೊತ್ತಿಗೆ ಎಂದು ಮೊದಲೇ ಗೊತ್ತಾಗಿರುತ್ತದೆ. ತಡವಾದರೆ ಜನ ಬೈಯುತ್ತಾರೆ, ಅಷ್ಟೆ. ಹೊತ್ತಿಗೆ ಮೊದಲೇ ನುಗ್ಗಿ ಬಂದರೆ ಇನ್ನೊಂದು ಬಸ್ಸಿಗೆ ಕಾದು ನಿಂತವರನ್ನು ಹತ್ತಿಸಿಕೊಂಡ ಹಾಗೆ. ಅದಕ್ಕೆ ಕಂಡಕ್ಟರುಗಳು ಕಾಲರ್ ಹಿಡಿದು ಜಗಳಾಡುತ್ತಾರೆ. "ಬೇಗ ಬಂದ್ರೂ ತಪ್ಪೇ" ಎಂಬ ಮಾತನ್ನು ಅಣ್ಣ ಆ ಬಸ್ಸಿನಿಂದ ಇಳಿಯುವಾಗ ಜೊತೆಗೇ ಇಳಿಸಿಕೊಂಡು ಬಂದಿದ್ದ.

ಮೆಲ್ಬರ್ನಿಗೆ ಬಂದು ಟಾರ್ನೀಟಿನಲ್ಲಿ ಮನೆ ಮಾಡಿ, ಲಾರಿ ರಿಪೇರಿಯ ಕೆಲಸಕ್ಕೆ ಸೇರಿದ ಮೇಲೂ ಅದು ಬಿಡಲಿಲ್ಲ. ನಮ್ಮ ಜನ ಏಳಕ್ಕೆ ಊಟಕ್ಕೆ ಕರೆದರೆ ಯಾರೂ ಎಂಟೂವರೆಗೆ ಮೊದಲು ಹೋಗುವುದಿಲ್ಲ. ಅಣ್ಣ ಮಾತ್ರ ಬೇಗ ಹೊರಟು, ಬೀದಿಯ ತಿರುವಿನಲ್ಲಿ ಕಾರು ನಿಲ್ಲಿಸಿ, ಏಳು ಹೊಡೆಯುವವರೆಗೆ ಅತ್ತಿಗೆಯನ್ನು ಒಳಗೇ ಕೂರಿಸಿಕೊಂಡಿದ್ದು, ಆಮೇಲೆ ಬೆಲ್ ಒತ್ತುತ್ತಿದ್ದ. ಬಾಗಿಲು ತೆರೆದವರು ನೈಟಿಯಲ್ಲೋ ಟವೆಲಿನಲ್ಲೋ ಇರುತ್ತಿದ್ದರು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೆಲಸ ಕಲಿಸಿದ್ದೂ ಅಣ್ಣನೇ, ಈ ದೇಶಕ್ಕೆ ಕರೆಸಿಕೊಂಡಿದ್ದೂ ಅವನೇ. ಸಿಡ್ನಿಯಲ್ಲಿ ಕೆಲಸ ಸಿಕ್ಕಿ ನಾನು ಅಲ್ಲಿಯ ದಿ ಪಾಂಡ್ಸ್ ಎಂಬ ಸಬರ್ಬಿನಲ್ಲಿ ನೆಲೆಸಿದ್ದೆ. ರಜೆ ಸಿಕ್ಕಾಗಲೆಲ್ಲ ಅಣ್ಣನ ಗ್ಯಾರೇಜಿಗೆ ಓಡುತ್ತಿದ್ದೆ. ಅಲ್ಲಿ ಅವನು ಡ್ರ್ಯಾಗ್‌ಸ್ಟರ್ ಕಟ್ಟುತ್ತಿದ್ದ. ನೇರ ರಸ್ತೆಯಲ್ಲಿ ಎರಡೆರಡೇ ಗಾಡಿಗಳನ್ನು ಓಡಿಸುವ ರೇಸಿನ ಗಾಡಿ ಅದು. ಪೈಪುಗಳನ್ನು ಬೆಸೆದ ಏಣಿಯನ್ನು ಮಲಗಿಸಿ ಚಕ್ರ ಕಟ್ಟಿದ ಹಾಗಿತ್ತು. ಈಗಿನವುಗಳಲ್ಲಿ ಎಂಜಿನ್ ಡ್ರೈವರಿನ ಬೆನ್ನ ಹಿಂದೆ ಇರುತ್ತದೆ. ಅಣ್ಣನದು ಹಳೇ ಕಾಲದ ಮಾದರಿ, ಎಂಜಿನ್ ಮುಂದೆ, ಡ್ರೈವರ್ ಬಾಲದ ತುದಿಯಲ್ಲಿ.

"ಬಸ್ಸಲ್ಲೂ ಎಂಜಿನ್ ನನ್ನ ಪಕ್ಕದಲ್ಲೇ ಇತ್ತು. ಕಣ್ಣಿಗೆ ಕಾಣದ ಎಂಜಿನ್ನನ್ನ ನಂಬುದು ಹೇಗೆ ಮಾರಾಯ?" ಎನ್ನುತ್ತಿದ್ದ.

ಗಾಡಿ ಮುಗಿಯುತ್ತ ಬಂದಾಗ ಅದನ್ನು ಯಾವ ಕ್ಲಾಸಿನಲ್ಲಿ ಓಡಿಸುವುದು ಎಂಬ ಪ್ರಶ್ನೆ ಬಂತು. ಅಣ್ಣ ನಿಯಮದ ಪುಸ್ತಕವನ್ನು ಊಟದ ಮೇಜಿನ ಮೇಲಿಟ್ಟು, ಸಾಲಿನ ಕೆಳಗೆ ಬೆರಳಾಡಿಸುತ್ತ ಓದಿ ನನಗೆ ಬಿಡಿಸಿ ಹೇಳಿದ. ಒಂದು ಕ್ಲಾಸಿನಲ್ಲಿ ಹಳೇ ಮಾದರಿಯವು ಮಾತ್ರ, ಮೊದಲು ಗೆರೆ ಮುಟ್ಟಿದವನು ಗೆದ್ದ. ಇನ್ನೊಂದರಲ್ಲಿ ಎಲ್ಲರಿಗೂ ಒಂದೇ ಹೊತ್ತು ಕಟ್ಟಿರುತ್ತಾರೆ, ಅದಕ್ಕಿಂತ ಬೇಗ ಮುಟ್ಟುವಂತಿಲ್ಲ. ಮೂರನೆಯದರಲ್ಲಿ ನಮ್ಮ ಗಾಡಿ ಎಷ್ಟು ಹೊತ್ತಿಗೆ ಮುಟ್ಟುತ್ತದೆಂದು ನಾವೇ ಹೇಳಿ, ಆ ಸಂಖ್ಯೆಯನ್ನು ಗಾಡಿಯ ಮೇಲೆ ಬರೆಯಬೇಕು. ನಿಧಾನದ ಗಾಡಿಗೆ ಅಷ್ಟರ ಮಟ್ಟಿಗೆ ಮೊದಲೇ ಹಸಿರು ದೀಪ ಬೀಳುತ್ತದೆ. ಹೇಳಿದ್ದಕ್ಕಿಂತ ಬೇಗ ಮುಟ್ಟಿದವನು ಸೋತ.

"ಮೊದಲನೇದೇ ಸರಿ ಅಣ್ಣ" ಎಂದೆ. "ಇಷ್ಟು ಕಷ್ಟಪಟ್ಟು ಕಟ್ಟಿದ್ದು ಬ್ರೇಕ್ ಹಿಡೀಲಿಕ್ಕಾ?"

"ಅಲ್ಲಿ ನಮ್ಮ ಎಂಜಿನ್ ಎರಡು ರೇಸಿಗೆ ಒಡೆದು ಹೋಗ್ತದೆ. ಎರಡನೇದ್ರಲ್ಲಿ ಹೊತ್ತು ಹೇಳುದು ಬೇರೆ ಯಾರೋ. ಮೂರನೇದು ನಮ್ಮದೇ ಮಾತು. ಹೇಳಿದ್ದಕ್ಕೆ ಸರಿಯಾಗಿ ಓಡಿಸ್ಬೇಕು. ನಂಗೆ ಬರುದು ಅದೊಂದೇ."

ಅಡುಗೆಮನೆಯಿಂದ ಅತ್ತಿಗೆ, "ಲೋಕದಲ್ಲಿ ಬೇಗ ಬಂದವರಿಗೆ ದಂಡ ಹಾಕುವ ಆಟವೂ ಉಂಟಾ? ಹಾಗಾದ್ರೆ ಅದು ಇವರಿಗೇ ಮಾಡಿಸಿದ್ದು" ಎಂದರು. ಅಲ್ಲಿಗೆ ತೀರ್ಮಾನವಾಯಿತು. ನನ್ನೊಳಗೆ ಆಗಿರಲಿಲ್ಲ.

ಅಣ್ಣನಿಗೆ ಅದು ನಿಜಕ್ಕೂ ಬರುತ್ತಿತ್ತು. ರೇಸಿನ ದಿನ ಬೆಳಿಗ್ಗೆ ಎದ್ದು ಗಾಳಿಗೆ ಮುಖ ಒಡ್ಡುತ್ತಿದ್ದ, ರಸ್ತೆಗೆ ಅಂಗೈ ಊರಿ ಬಿಸಿ ನೋಡುತ್ತಿದ್ದ, ಸ್ಕ್ರೂಡ್ರೈವರ್ ಕಿವಿಗೆ ಒತ್ತಿಕೊಂಡು ಎಂಜಿನ್ ಕೇಳುತ್ತಿದ್ದ, ಆಮೇಲೆ ಒಂದು ಸಂಖ್ಯೆ ಹೇಳುತ್ತಿದ್ದ. ಗಾಡಿ ಅದಕ್ಕಿಂತ ಕೂದಲೆಳೆಯಷ್ಟೇ ತಡವಾಗಿ ಮುಟ್ಟುತ್ತಿತ್ತು. ಎಂಜಿನ್ನಿಗೆ ಕಿಡಿ ಹೊತ್ತಿಸುವ ಡಿಸ್ಟ್ರಿಬ್ಯೂಟರನ್ನು ಅವನು ಸ್ವಲ್ಪ ಹಿಂದಕ್ಕೇ ತಿರುಗಿಸಿ ಇಡುತ್ತಿದ್ದ. ಅದರಿಂದ ವೇಗ ತುಸು ಕಡಿಮೆ, ಆದರೆ ಪ್ರತಿ ಸಲವೂ ಒಂದೇ ಓಟ.

ಆ ವರ್ಷ ಸಿಡ್ನಿಯ ರೇಸಿಗೆ ಗಾಡಿಯನ್ನು ಟ್ರೇಲರಿನಲ್ಲಿ ಎಳೆದುಕೊಂಡು ಬಂದು ನನ್ನ ಮನೆಯಲ್ಲೇ ಇಳಿದ. ನಾನು ನಮ್ಮ ಸಬರ್ಬಿನ ಕನ್ನಡದವರನ್ನೆಲ್ಲ ರೇಸು ನೋಡಲು ಕರೆದಿದ್ದೆ. ಸುತ್ತಿನ ಮೇಲೆ ಸುತ್ತು ಗೆದ್ದು ಅಣ್ಣ ಫೈನಲ್ಲಿಗೆ ಬಂದ. ಎದುರಾಳಿ ಒಬ್ಬ ಅಜ್ಜಿ. ಅವರ ಗಾಡಿ ಹಳೆಯ ಸ್ಟೇಷನ್ ವ್ಯಾಗನ್, ಸಂತೆಗೆ ಹೋಗುವಂಥದ್ದು.

ಬೇಲಿಯಾಚೆಯಿಂದ ಒಬ್ಬ ಗೆಳೆಯ ಕೂಗಿದ. "ಏನ್ ಗುರೂ, ನಿಮ್ಮಣ್ಣ ರಾಕೆಟ್ ಕಟ್ಟಿದಾರೆ ಅಂತ ನೀನು ನಮ್ಮನ್ನ ಕರ್ಕೊಂಡ್ ಬಂದೆ. ಆಂಟಿ ವ್ಯಾಗನ್‌ಗೆ ಸೈಡ್ ಕೊಟ್ಕೊಂಡ್ ನಿಂತಿರ್ತಾರಂತಲ್ಲ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಣ್ಣ ರೇಸಿನ ದಪ್ಪ ಅಂಗಿ ತೊಡಲು ಟ್ರೇಲರಿನ ಹಿಂದೆ ಹೋದಾಗ, ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ, ಅದನ್ನು ಒಂದಿಷ್ಟು ಮುಂದಕ್ಕೆ ತಿರುಗಿಸಿ, ಬಿಗಿ ಮಾಡಿದೆ. ಹೀಗೆ ಮಾಡಿದರೆ ಸೋಲುತ್ತಾನೆಂದು ನನಗೆ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು. ಚೆನ್ನಾಗಿ ಗೊತ್ತಿತ್ತು. ಗಾಡಿಯ ನಿಜವಾದ ಓಟವನ್ನು ಒಂದು ಸಲ ಆ ನಗುವವರಿಗೆ ತೋರಿಸಬೇಕಿತ್ತು.

ತೋರಿಸಿದ್ದಾಯಿತು. ವ್ಯಾಗನ್ ಮೊದಲು ಹೊರಟಿತು. ಅಣ್ಣನ ಗಾಡಿ ಆಮೇಲೆ ಹೊರಟು, ಗೆರೆಗೆ ಬಹಳ ಮೊದಲೇ ಅದನ್ನು ಹಿಂದೆ ಹಾಕಿತು. ನಮ್ಮವರು ಎದ್ದು ನಿಂತು ಸಿಳ್ಳೆ ಹೊಡೆದರು. ಗೆಲುವಿನ ದೀಪ ಅಜ್ಜಿಯ ಕಡೆ ಹೊತ್ತಿತು.

"ಫಸ್ಟ್ ಬಂದಿದ್ದು ನಾವೇ ಅಲ್ವಾ?" ಎಂದು ಗೆಳೆಯ ಕೇಳುತ್ತಲೇ ಇದ್ದ.

ಅಣ್ಣ ಅಜ್ಜಿಯ ಕೈ ಕುಲುಕಿ ಮಾತಾಡಿ ಬರುವಷ್ಟರಲ್ಲಿ ನಾನು ಡಿಸ್ಟ್ರಿಬ್ಯೂಟರನ್ನು ಮೊದಲಿನ ಗುರುತಿಗೇ ತಂದು ಇಟ್ಟಿದ್ದೆ. ಅವನು ಪರೀಕ್ಷೆ ಮಾಡಿ ನೋಡಿದ. ಎಲ್ಲ ಇದ್ದ ಹಾಗೇ ಇತ್ತು. ಹಾಗಾದರೆ ತಪ್ಪಿದ್ದು ತನ್ನ ಅಂದಾಜೇ ಎಂದುಕೊಂಡ. "ಓಡುವಾಗ ಸದ್ದು ಬೇರೆ ಇದ್ದ ಹಾಗಿತ್ತು. ನಂಗೆ ಮೊದಲೇ ಕೇಳ್ಬೇಕಿತ್ತು" ಎಂದು ನನಗೆ ಹೇಳಿದ. ಬಂದವರೆಲ್ಲರ ಬಳಿ ಹೋಗಿ, ಬಿಸಿಲಲ್ಲಿ ಕಾಯಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಎಂದ. ನಾನು ಪಕ್ಕದಲ್ಲೇ ನಿಂತು ಎಲ್ಲರಿಗೂ ಜ್ಯೂಸ್ ಕೊಟ್ಟೆ.

ಚಳಿಗಾಲದಲ್ಲಿ ಅತ್ತಿಗೆ ಫೋನ್ ಮಾಡಿದರು. "ನಿಮ್ಮಣ್ಣ ಗಾಡಿಗೆ ಬೆಡ್‌ಶೀಟ್ ಹೊದಿಸಿ ಇಟ್ಟಿದ್ದಾರೆ. ಮೊನ್ನೆ ಕಿವಿ ಡಾಕ್ಟರ್ ಹತ್ರ ಹೋಗಿ ಬಂದ್ರು. ಕಿವಿ ಚೆನ್ನಾಗುಂಟು ಅಂದ್ರಂತೆ. ಇವರು ನಂಬುದಿಲ್ಲ. ಇನ್ನು ಓಡಿಸುದಿಲ್ಲ, ಯಾರಿಗಾದ್ರೂ ಕೊಟ್ಟುಬಿಡ್ತೇನೆ ಅಂತಾರೆ."

ಮರುದಿನವೇ ಹೊರಟೆ. ನಾನು ಹೋದಾಗ ಅಣ್ಣ ಅಡುಗೆಮನೆಯ ನೆಲದಲ್ಲಿ ಹೆರೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದ. ಚಹಾ ಬರುವವರೆಗೆ ಕಾದರೆ ಬಾಯಿ ಕಟ್ಟಿಹೋಗುತ್ತದೆಂದು ನಿಂತಲ್ಲೇ ಹೇಳಿದೆ.

"ಅಣ್ಣ, ಫೈನಲ್ ದಿನ ಡಿಸ್ಟ್ರಿಬ್ಯೂಟರ್ ತಿರುಗಿಸಿದ್ದು ನಾನು. ಆಮೇಲೆ ವಾಪಸ್ ಇಟ್ಟದ್ದೂ ನಾನೇ."

ಅವನು ತುರಿಯುವುದನ್ನು ನಿಲ್ಲಿಸಲಿಲ್ಲ. "ಎಷ್ಟು ತಿರುಗಿಸಿದ್ದಿ?"

ಬೆರಳುಗಳಲ್ಲಿ ತೋರಿಸಿದೆ. ತಲೆಯೊಳಗೆ ಏನೋ ಕೂಡಿ ಕಳೆದ. ಅವನ ಮುಖ ನಿಧಾನವಾಗಿ ಅರಳಿತು.

"ಹಾಗಾದ್ರೆ ನಾನು ಹೇಳಿದ ಹೊತ್ತು ಸರಿ ಇತ್ತು." ಕಾಯಿಯ ಹೋಳನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ಅತ್ತಿಗೆಯನ್ನು ಕೂಗಿದ. "ಹೋಯ್, ಕೇಳಿತಾ? ನನ್ನ ಕಿವಿಗೆ ಎಂತ ಆಗ್ಲಿಲ್ಲ ಮಾರಾಯ್ತಿ." ಗ್ಯಾರೇಜಿಗೆ ಹೋಗಿ ಬೆಡ್‌ಶೀಟ್ ಎಳೆದು ಹಾಕಿದ.

ಅವನಿಗೆ ಸಿಟ್ಟು ಬಂದದ್ದು ಊಟದ ಹೊತ್ತಿಗೆ. ಅನ್ನ ಕಲಸುತ್ತಿದ್ದ ಕೈ ನಿಂತಿತು.

"ಗೆದ್ದದ್ದು ಸೋತದ್ದು ಬಿಡು. ಸೀಟಲ್ಲಿ ಕೂತದ್ದು ನಾನು. ನಂಗೆ ಗೊತ್ತಿಲ್ಲದ ವೇಗದಲ್ಲಿ ನನ್ನನ್ನ ಕಳಿಸಿದಿ ನೀನು."

ನನಗೆ ಅದುವರೆಗೆ ಅದು ಹೊಳೆದಿರಲೇ ಇಲ್ಲ. ಅವಮಾನದ ಬಗ್ಗೆ, ಕೈತಪ್ಪಿದ ಬಹುಮಾನದ ಬಗ್ಗೆ, ಅಣ್ಣನ ನೋವಿನ ಬಗ್ಗೆ ಕೂಡ ಯೋಚಿಸಿದ್ದೆ. ಆ ಪೈಪುಗಳ ನಡುವೆ ಬೆಲ್ಟು ಬಿಗಿದುಕೊಂಡು ಕೂತ ಮನುಷ್ಯನ ಬಗ್ಗೆ ಯೋಚಿಸಿರಲಿಲ್ಲ. ಅತ್ತಿಗೆ ನನ್ನ ತಟ್ಟೆಗೆ ಸಾರು ಬಡಿಸಿದರು, ಮುಖ ನೋಡಲಿಲ್ಲ.

ಮುಂದಿನ ಸೀಸನ್ನಿಗೆ ಅಣ್ಣ ಅದೇ ಕ್ಲಾಸಿಗೆ ಹೆಸರು ಕೊಟ್ಟ. ನನ್ನನ್ನು ಬಿಡಲಿಲ್ಲ, ಆದರೆ ಹೊಸ ಪದ್ಧತಿಯೊಂದನ್ನು ತಂದ. ಹೆಲ್ಮೆಟ್ ಹಾಕಿಕೊಂಡು, ಗಾಜು ಇಳಿಸುವ ಮೊದಲು, ಎಲ್ಲರಿಗೂ ಕೇಳುವಂತೆ ಕೇಳುತ್ತಿದ್ದ.

"ಮುಟ್ಟಿದ್ಯಾ?"

"ಇಲ್ಲ ಅಣ್ಣ."

ಆಮೇಲಷ್ಟೇ ಗಾಜು ಇಳಿಸುವುದು. ಸುತ್ತಲಿನ ಬಿಳಿಯರು ಅದನ್ನು ನಮ್ಮ ಪ್ರಾರ್ಥನೆ ಎಂದುಕೊಂಡಿದ್ದರು. ದೀಪದ ಬಳಿ ನಿಲ್ಲುವ ಅಧಿಕಾರಿಯೊಬ್ಬರು ನಮ್ಮನ್ನು ಕಂಡಾಗಲೆಲ್ಲ ಕೈ ಎತ್ತಿ "ಮುಟ್ಟಿದ್ಯಾ" ಎನ್ನುತ್ತಿದ್ದರು. ಮೊದಮೊದಲು ನನಗೆ ನೆಲ ಬಾಯಿಬಿಡಬಾರದೇ ಎನಿಸುತ್ತಿತ್ತು. ಬರಬರುತ್ತ ಆ ಪ್ರಶ್ನೆ ಇಷ್ಟವಾಗತೊಡಗಿತು. ಉತ್ತರ ನನ್ನ ಬಾಯಿಯಿಂದ ಬರುವವರೆಗೆ ಅಣ್ಣ ಹೊರಡುತ್ತಿರಲಿಲ್ಲವಲ್ಲ. ಅಲ್ಲಿ ನನ್ನ ಮಾತಿಗೂ ಒಂದು ಕೆಲಸವಿತ್ತು.

ಅಣ್ಣ ಹೃದಯದ ಕಾಯಿಲೆಯಿಂದ ಹೋದ. ಆಸ್ಪತ್ರೆಯಲ್ಲಿ ಹೆಚ್ಚು ನರಳಲಿಲ್ಲ. ಅದಕ್ಕೆ ಮೊದಲಿನ ಬೇಸಿಗೆಯಲ್ಲಿ ಮೆಲ್ಬರ್ನಿನಲ್ಲಿ ಓಡಿಸಿದ್ದೇ ಕೊನೆಯದು. ಅವತ್ತು ಹೆಲ್ಮೆಟ್ ಹಾಕಿಕೊಂಡ, ಬೆಲ್ಟು ಬಿಗಿದುಕೊಂಡ, ಏನೂ ಕೇಳದೆ ಗಾಜಿಗೆ ಕೈ ಹಾಕಿದ. ನಾನು ಆ ಕೈಯನ್ನು ಹಿಡಿದುಕೊಂಡೆ.

"ಅಣ್ಣ, ಕೇಳಲಿಲ್ಲ."

"ಇನ್ನು ಎಂತಕ್ಕೆ ಕೇಳುದು? ಸಾಕಲ್ಲ."

"ಇಲ್ಲ, ಕೇಳು."

ಒಂದು ಗಳಿಗೆ ನನ್ನನ್ನೇ ನೋಡಿದ. ಹೆಲ್ಮೆಟ್ಟಿನೊಳಗೆ ಅವನ ಕಣ್ಣು ನಗುತ್ತಿತ್ತು.

"ಮುಟ್ಟಿದ್ಯಾ?"

"ಇಲ್ಲ ಅಣ್ಣ" ಎಂದೆ. ಅವನು ಗಾಜು ಇಳಿಸಿದ.