ಕಡೆಯ ಹೊಲದವರೆಗೂ ಬಂದ ವೈದ್ಯರು

ನರದೌರ್ಬಲ್ಯದಿಂದ ಮರಗಟ್ಟಿದ ಪಾದಗಳ ಶುಶ್ರೂಷೆಯನ್ನೇ ತಪಸ್ಸೆಂದು ಭಾವಿಸಿದ ಡಾ. ಕೃಷ್ಣಾಜಿ ಗಲಗಲಿಯವರು ಮೂವತ್ತೊಂದು ವರ್ಷಗಳ ಸರಕಾರಿ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಬೀಳಗಿಯಲ್ಲಿ ವೃತ್ತಿ ಆರಂಭಿಸಿ, ಮುಧೋಳ, ಜಮಖಂಡಿಗಳನ್ನು ದಾಟಿ ಬನಹಟ್ಟಿಗೆ ಬಂದ ಅವರ ಬಳಿ ಹದಿನಾರು ವರ್ಷ ಫಾರ್ಮಾಸಿಸ್ಟ್ ಆಗಿ ನಿಂತದ್ದು ನನ್ನ ಪುಣ್ಯ.

ಊರಿಗೆಲ್ಲ ಸಕ್ಕರೆ ಕಾಯಿಲೆಯ ಗುಳಿಗೆ ಕೊಡುವ ನಾನೇ ಮನೆಯಲ್ಲಿ ತಪ್ಪು ಮಾಡಿದೆ. ನಲವತ್ತು ವರ್ಷ, ನೆಲದ ಗುಂಡಿಯಲ್ಲಿ ಕಾಲಿಳಿಸಿ ತುಳಿಯುವ ಕುಣಿಮಗ್ಗದಲ್ಲಿ ಸೀರೆ ನೇಯ್ದ ನನ್ನ ತಾಯಿ ಇಂದ್ರವ್ವ, ಅದೇ ಕಾಯಿಲೆಯವರು, ಕಾಲು ಜೋಮು ಹಿಡಿದಿದೆ ಎಂದಾಗ, ಓಣಿಯ ರೂಢಿಯಂತೆ ಇಟ್ಟಿಗೆ ಕಾಸಿ, ಅರಿವೆ ಸುತ್ತಿ ಪಾದಕ್ಕಿಟ್ಟೆ.

"ಇನ್ನಷ್ಟು ಕಾಸೋ, ಬಿಸೀನ ಹತ್ತವಲ್ದು" ಎಂದರು. ಕಾಸಿದೆ.

ಮುಂಜಾನೆ ಕಾಲ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತ್ತು. ಅವ್ವನಿಗೆ ನೋವೇ ಇರಲಿಲ್ಲ. ವಾರದಲ್ಲಿ ಕೀವು ತುಂಬಿ, ಬೆರಳು ಉಳಿಯುವುದೇ ಅನುಮಾನವಾಯಿತು. ಬೆರಳು ಹೋದರೆ ಮಗ್ಗ ತುಳಿಯುವುದೂ ಹೋದಂತೆ.

ಡಾಕ್ಟರು ನನ್ನನ್ನು ಗದರಲಿಲ್ಲ. ಅವ್ವನ ಪಾದವನ್ನು ತಮ್ಮ ಮೊಣಕಾಲ ಮೇಲಿಟ್ಟುಕೊಂಡು ಕೇಳಿದರು:

"ಇಂದ್ರವ್ವಾರ, ನಿಮ್ಮ ತವರಿನ್ಯಾಗ ಕಾಲುವಿ ನೀರು ಕಮ್ಮಿ ಆದ್ರ ಯಾವ ಹೊಲ ಮೊದಲ ಒಣಗತೈತ್ರಿ?"

"ಕಡೀ ಹೊಲ. ಇದನ್ನ ಕೇಳಾಕ ಅಷ್ಟು ಓದೀರೇನ್ರಿ, ಸಾಹೇಬ್ರ?"

ಅವರು ನಕ್ಕರು. "ನಿಮ್ಮ ಕಾಲಬೆರಳೂ ಕಡೀ ಹೊಲಾನ ರೀ."

ಆಮೇಲೆ ಬಿಡಿಸಿ ಹೇಳಿದರು. ನರಕೋಶವಿರುವುದು ಬೆನ್ನುಹುರಿಯ ಬಳಿ. ಅದರ ಆಕ್ಸಾನ್ ಎಂಬ, ಕೂದಲಿಗಿಂತ ಸೂಕ್ಷ್ಮವಾದ ತಂತು ಕಾಲಬೆರಳಿನ ತನಕ ಚಾಚಿದೆ. ಕೋಶದಲ್ಲಿ ತಯಾರಾದ ಪ್ರೋಟೀನುಗಳೂ ಶಕ್ತಿ ಕೊಡುವ ಕಣಗಳೂ ಅಷ್ಟುದ್ದ ಸಾಗಿ ತುದಿ ಮುಟ್ಟಬೇಕು. ಸಕ್ಕರೆ ಏರಿದಾಗ ಈ ಸಾಗಣೆ ಕುಂಟುತ್ತದೆ. ಆಮ್ಲಜನಕದಿಂದ ಹುಟ್ಟುವ ಉಗ್ರ ಕಣಗಳು ಹೆಚ್ಚಿ, ಸಾಗುವ ದಾರಿಯನ್ನೇ ಕೆಡಿಸುತ್ತವೆ. ದಾರಿ ಕೆಟ್ಟಷ್ಟೂ ಸಾಗಣೆ ಇನ್ನೂ ತಗ್ಗಿ, ತುದಿಯೇ ಮೊದಲು ಸಾಯುತ್ತದೆ; ಅದಕ್ಕೇ ಇಟ್ಟಿಗೆಯ ಬಿಸಿ ಅವ್ವನ ಬೆರಳಿಗೆ ತಿಳಿಯಲಿಲ್ಲ.

"ಹೋದದ್ದನ್ನ ತಿರುಗಿ ತರ್ತೇನಿ ಅಂತ ಸುಳ್ಳು ಹೇಳಂಗಿಲ್ರಿ. ಉಳದದ್ದನ್ನ ಕಾಯೋಣು. ದಿನಾ ಮಗ್ಗಕ್ಕ ಕೈಮುಗಿಯೂಕಿಂತ ಮೊದಲ ನಿಮ್ಮ ಪಾದ ನೋಡ್ಕೋರಿ."

ಬರಿಗಾಲು ಬೇಡವೆಂದಾಗ, ದೇವರಂಥ ಮಗ್ಗದ ಕುಣಿಗೆ ಚಪ್ಪಲಿ ಕಾಲಲ್ಲಿ ಇಳಿಯಲಾರೆನೆಂದ ಅವ್ವನಿಗೆ ಹತ್ತಿಯ ಕಾಲುಚೀಲ ತಂದುಕೊಟ್ಟರು. ಇಪ್ಪತ್ತೊಂದು ದಿನ ತಾವೇ ಮನೆಗೆ ಬಂದು ಗಾಯ ತೊಳೆದರು. ಬೆರಳು ಉಳಿಯಿತು, ಸ್ಪರ್ಶ ಮರಳಲಿಲ್ಲ. ಅವ್ವ ಇಂದಿಗೂ ನೇಯುತ್ತಾರೆ.

ಮೊನ್ನೆಯ ಬೀಳ್ಕೊಡುಗೆಯಲ್ಲಿ ಅವ್ವ ಅವರ ಪಾದ ಮುಟ್ಟಲು ಬಾಗುವಷ್ಟರಲ್ಲಿ, ಹೂಮಾಲೆ ಕೊರಳಲ್ಲಿದ್ದಂತೆಯೇ ಡಾಕ್ಟರು ನೆಲಕ್ಕೆ ಕುಕ್ಕರಿಸಿ ಅವ್ವನ ಕಾಲುಚೀಲ ಇಳಿಸಿದರು.

"ಇವತ್ತ ನೋಡ್ಕೊಂಡೀರೇನ್ರಿ?"

"ಇಲ್ರಿ. ನಿಮ್ಮ ಗದ್ದಲದಾಗ ಮರತೆ."

ಭಗವಂತ ಅವರಿಗೆ ನೂರು ವರ್ಷ ಆಯುಷ್ಯ ಕೊಡಲಿ. ಅವರು ನೋಡಬೇಕಾದ ಪಾದಗಳು ನಮ್ಮ ಓಣಿಯಲ್ಲಿ ಇನ್ನೂ ಬಹಳ ಇವೆ.