ಬೆನ್ನು ಬಲ್ಲವನು
ನಮ್ಮ ತ್ಯೂರಿಂಗೆನ್ ಕಾಡಿನೂರಿನ ಫಾಲ್ಕ್, ಲೂಜ್ ಎಂಬ ಇಬ್ಬರ ಜಾರುಬಂಡಿ ಪಂದ್ಯದಲ್ಲಿ ಜರ್ಮನಿಗೇ ಚಾಂಪಿಯನ್; ಆದರೆ ತಾನು ಗೆದ್ದ ದಾರಿಯನ್ನು ಅವನು ಒಮ್ಮೆಯೂ ಕಂಡಿಲ್ಲ. ಹಿಮದ ಕಾಲುವೆಯಲ್ಲಿ ಜಾರುವ ಆ ಪುಟ್ಟ ಬಂಡಿಯ ಮೇಲೆ ಫಾಲ್ಕ್ ಅಂಗಾತ ಮಲಗುತ್ತಾನೆ, ಅವನ ಎದೆಯ ಮೇಲೆ ಬೆನ್ನೊರಗಿಸಿ ಜೊತೆಗಾರ ಹೆನ್ನಿಂಗ್. ದಾರಿ ನೋಡುವವನು ಹೆನ್ನಿಂಗ್. ಅವನ ಹೆಗಲು ಮಿಸುಕಿದರೆ ಸಾಕು, ಫಾಲ್ಕ್ ತಿರುವನ್ನು ಅರಿತು ಕಾಲಿನಿಂದ ಬಂಡಿಯನ್ನು ಒತ್ತಿ ತಿರುಗಿಸುತ್ತಾನೆ. ಈ ಅಭ್ಯಾಸ ಅವನನ್ನು ನೆಲದ ಮೇಲೂ ಬಿಟ್ಟಿಲ್ಲ. ಬೇಕರಿಯ ಸಾಲಿನಲ್ಲಿ ಮುಂದಿನವರು ಎಡಕ್ಕೆ ವಾಲಿದರೆ ಬ್ರೆಡ್ಡಿನ ಚೀಲದ ಸಮೇತ ತಾನೂ ವಾಲುತ್ತಾನೆ. "ಏನಪ್ಪಾ ಚಾಂಪಿಯನ್ನು, ಈ ಸಲ ದಾರಿ ಹೆಂಗಿತ್ತು?" ಎಂದು ಬೇಕರಿಯ ಗುಡ್ರುನ್ ಕೆಣಕಿದರೆ, "ಹೆನ್ನಿಂಗ್ ಬೆನ್ನಿನ ಥರಾನೇ ಇತ್ತು ಕಣಕ್ಕಾ, ಸ್ವಲ್ಪ ಅಗಲ ಆಗಿದೆ" ಎನ್ನುತ್ತಾನೆ. ಇಂಥವನಿಗೆ ಮನುಷ್ಯರ ಮುಖವಾದರೂ ಗುರುತು ಸಿಗುತ್ತದೆಯೇ ಎಂಬುದು ನನ್ನ ಬಹುದಿನದ ಕುತೂಹಲ. ಕಳೆದ ಚಳಿಗಾಲದಲ್ಲಿ ಹೆನ್ನಿಂಗನ ತಾಯಿಯನ್ನು ಮಣ್ಣು ಮಾಡಿದೆವು. ಗುಂಡಿಯ ಆಚೆ ನಿಂತಿದ್ದ ನಾವೆಲ್ಲ ಅವನ ಒಣಗಿದ ಕಣ್ಣು ನೋಡಿ, ಗಟ್ಟಿಗ ಎಂದುಕೊಂಡೆವು. ಮುಖವೇ ಕಾಣದೆ ಹಿಂದೆ ನಿಂತಿದ್ದ ಫಾಲ್ಕ್ ಮಾತ್ರ ಆಗಲೇ ಅವನ ಕಂಕುಳಿಗೆ ಎರಡೂ ಕೈ ಕೊಟ್ಟಿದ್ದ. "ಬೀಳೋ" ಎಂದ ಮೆಲ್ಲಗೆ, "ಕೆಳಗೆ ನಾನಿದೀನಿ."