ನಲವತ್ತೈದು ಡಿಗ್ರಿಗಾಗಿ ಒಂದು ಗುಂಡಿ

ಬೆಳಗಿನ ಆರು ಗಂಟೆ. ಅಂಕೋಲಾ ಸಮೀಪದ ಪ್ರೌಢಶಾಲೆಯೊಂದರ ಅಂಗಳದಲ್ಲಿ ಹೊನ್ನಿ ಗೌಡ ಸೀರೆ ಎತ್ತಿ ಕಟ್ಟಿ ಗುಂಡಿ ತೋಡುತ್ತಿದ್ದಾರೆ. ಗಿಡ ನೆಡಲಿಕ್ಕಲ್ಲ, ತಾವೇ ಮಾಡಿದ ಕವಣೆ ಯಂತ್ರವನ್ನು ಅದರೊಳಗೆ ಇಳಿಸಲಿಕ್ಕೆ.

"ಓದಿದವ್ರಿಗೆ ಬಾಯಲ್ಲಿ ಹೇಳಿದ್ರೆ ತಿಳೂದಿಲ್ಲ ಮಾರಾಯ್ರೆ, ಗುಂಡಿ ತೋಡೇ ತೋರ್ಸ್ಬೇಕು" ಎಂದು ಗುದ್ದಲಿಯನ್ನು ನೆಲಕ್ಕೆ ಕುಕ್ಕುತ್ತಾರೆ.

ಐವತ್ತೆರಡು ವರ್ಷದ ಹೊನ್ನಿ ಹತ್ತೊಂಬತ್ತು ವರ್ಷಗಳಿಂದ ಇಲ್ಲಿ ಹಂಗಾಮಿ ಅಟೆಂಡರ್. ಓದಿದ್ದು ನಾಲ್ಕನೇ ಇಯತ್ತೆ. ದಿನಕ್ಕೆ ಹನ್ನೊಂದು ಕೋಣೆ ಗುಡಿಸಬೇಕು, ಬಾವಿಯಿಂದ ಮೂವತ್ತು ಕೊಡ ನೀರು ಸೇದಬೇಕು. ಇದರ ಜೊತೆಗೆ ವರ್ಷಕ್ಕೊಮ್ಮೆ ವಿಜ್ಞಾನ ಪ್ರದರ್ಶನದ ಮಾದರಿಯೂ ಅವರ ತಲೆಗೇ. "ಮಾಡುದು ನಾನು, ಮುರಿಯುದು ಮಕ್ಕಳು, ಬೈಸ್ಕೊಳ್ಳುದು ಮತ್ತೆ ನಾನು!"

ಈ ಸಲದ ಮಾದರಿ ಕವಣೆ. ಮುರಿದ ಬೆಂಚಿನ ಹಲಗೆ, ಸೈಕಲ್ ಟ್ಯೂಬಿನ ಪಟ್ಟಿ, ಗೋಲಿ ಇಡಲು ತೆಂಗಿನ ಕರಟ. ಚೌಕಟ್ಟನ್ನು ಓರೆ ಮಾಡಿದಂತೆ ಗೋಲಿ ಹಾರುವ ಕೋನ ಬದಲಾಗುತ್ತದೆ. ಮೊದಲು ಹೊನ್ನೆಕಾಯಿ ಹಾರಿಸಿದ್ದರು. ಅವು ಒಣಗಿ ದಿನಕ್ಕೊಂದು ತೂಕವಾದಾಗ ಬೈದುಕೊಂಡೇ ಗಾಜಿನ ಗೋಲಿ ತಂದರು.

ನಲವತ್ತೈದು ಡಿಗ್ರಿಗೆ ಹಾರಿಸಿದ್ದು ಎಲ್ಲಕ್ಕಿಂತ ದೂರ ಹೋಗಬೇಕು ಎನ್ನುತ್ತದೆ ಪುಸ್ತಕ. ಒಂಬತ್ತನೇ ತರಗತಿಯ ಮಕ್ಕಳು ಕವಣೆಯನ್ನು ಮೇಜಿನ ಮೇಲಿಟ್ಟು, ನೆಲದಲ್ಲಿ ಮರಳು ಹರವಿ, ಒಂದೊಂದು ಕೋನದಲ್ಲೂ ಮೂವತ್ತು ಸಲ ಹಾರಿಸಿದರು. ನಲವತ್ತು ಡಿಗ್ರಿಯ ಗೋಲಿಯೇ ಮೂರು ಬೆರಳು ಮುಂದೆ ಬಿತ್ತು. ವಿಜ್ಞಾನ ಶಿಕ್ಷಕ ಪ್ರದೀಪ ನಾಯ್ಕ ಅದನ್ನು ಒಪ್ಪಲಿಲ್ಲ. ಅಳತೆ ತಪ್ಪಿದೆ, ಅಳಿಸಿ ನಲವತ್ತೈದೇ ದೂರ ಎಂದು ಬರೆಯಿರಿ ಎಂದರು.

ಮರಳು ಗುಡಿಸಲು ಬಂದ ಹೊನ್ನಿ ಪೊರಕೆ ಹಿಡಿದೇ ನಿಂತರು. "ಅಳಿಸ್ಬೇಡಿ ಮಾಸ್ತರೆ. ಮಕ್ಕಳ ಅಳತೆ ಸರಿ ಅದೆ. ಮೇಜಿನಿಂದ ಬಿಟ್ರೆ ಹಾಂಗೇ ಬೀಳೂದು."

"ನಿಂಗೆ ಎಂತ ಗೊತ್ತು ಹೊನ್ನಿ? ಕಸ ತೆಗಿ ಸಾಕು," ಎಂದರು ಮಾಸ್ತರು.

ಆ ಮಾತು ಹೇಳುವಾಗ ಹೊನ್ನಿಯವರ ದನಿ ಈಗಲೂ ಏರುತ್ತದೆ. ಸಣ್ಣವರಿದ್ದಾಗ ಗದ್ದೆ ಕಾಯಲು ಅಟ್ಟಣೆಯ ಮೇಲೆ ಕೂತು ಹಂದಿಗೆ ಕವಣೆ ಬೀಸಿದವರು ಅವರು. "ಎತ್ತರದಿಂದ ಬೀಸುದಾದ್ರೆ ತುಸು ತಗ್ಗಿಸಿ ಬೀಸ್ಬೇಕು. ನೆಲದಲ್ಲಿ ನಿಂತ್ರೆ ಎತ್ತಿ ಬೀಸ್ಬೇಕು. ನಮ್ಮಪ್ಪ ಕಲ್ಸಿದ್ದು. ಎದುರು ಮಾತಾಡಿದ್ರೆ ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ ಹೇಳಿದ್ರೂ ಹೇಳಿದ್ರೇ. ಹಾಂಗಂತ ಮಕ್ಕಳ ಹತ್ರ ಸುಳ್ಳು ಬರ್ಸುದಾ?"

ಅದಕ್ಕೇ ಈ ಗುಂಡಿ. ನೆಲದ ಮೇಲಿಟ್ಟರೂ ಚೌಕಟ್ಟಿನಿಂದಾಗಿ ಕರಟ ಎತ್ತರದಲ್ಲೇ ಇರುತ್ತದೆ; ಕವಣೆಯನ್ನು ಒಳಗಿಳಿಸಿದರೆ ಅದು ನೆಲದ ಮಟ್ಟಕ್ಕೆ ಬರುತ್ತದೆ. ಗೋಲಿ ಹೊರಟ ಎತ್ತರಕ್ಕೇ ಬಂದು ಬೀಳುತ್ತದೆ.

ಎಂಟೂವರೆಗೆ ಬಂದ ಪ್ರದೀಪ ಮಾಸ್ತರು ಗುಂಡಿ ನೋಡಿ ಸಿಡುಕುತ್ತಾರೆ. "ಒಂದ್ಸಲ ನೋಡಿ, ಆಮೇಲೆ ನಾನೇ ಮುಚ್ತೆ," ಎನ್ನುತ್ತಾರೆ ಹೊನ್ನಿ. ಮಕ್ಕಳು ಹಾರಿಸುತ್ತಾರೆ. ನಲವತ್ತು, ನಲವತ್ತೈದು, ಐವತ್ತು. ಈ ಬಾರಿ ನಲವತ್ತೈದೇ ಮುಂದೆ. ಮಾಸ್ತರು ತಾವೇ ಟೇಪ್ ಹಿಡಿದು ಇನ್ನೂ ಹತ್ತು ಸಲ ಅಳೆಯುತ್ತಾರೆ.

"ಪುಸ್ತಕದ ಲೆಕ್ಕ ಸಮತಟ್ಟಿಗೆ ಮಾತ್ರ. ನಾನೇ ಮರ್ತಿದ್ದೆ," ಎಂದು ಕೊನೆಗೆ ಮಕ್ಕಳ ಎದುರೇ ಹೇಳುತ್ತಾರೆ. "ಮೇಜಿಂದು, ಗುಂಡೀದು, ಎರಡೂ ಪಟ್ಟಿ ಬರೀರಿ."

ಮರುವಾರ ಕಾರವಾರದ ಪ್ರದರ್ಶನದಲ್ಲಿ ಆ ಎರಡು ಪಟ್ಟಿಗಳ ಮಾದರಿಗೆ ಎರಡನೇ ಬಹುಮಾನ ಬಂದಿತು. ಫೋಟೋದಲ್ಲಿ ಮಾಸ್ತರಿದ್ದಾರೆ, ಮಕ್ಕಳಿದ್ದಾರೆ. ಹೊನ್ನಿ ಆ ಹೊತ್ತಿಗೆ ಶಾಲೆಯಲ್ಲಿ, ಅಳತೆಗೆಂದು ವಾರವಿಡೀ ಬಿಟ್ಟಿದ್ದ ಗುಂಡಿ ಮುಚ್ಚುತ್ತಿದ್ದರು.

ಬೇಸರವಿಲ್ಲವೇ ಎಂದರೆ, "ಫೋಟೋ ಎಂತಕ್ಕೆ?" ಎಂದು ಗದರುತ್ತಾರೆ. ಆಮೇಲೆ ತರಗತಿಯ ಬಾಗಿಲ ಕಡೆ ನೋಡುತ್ತಾರೆ. "ಒಂದಿನ ಒಳಗೆ ಕೂತು ಆ ಪಾಠ ಪೂರ್ತಿ ಕೇಳ್ಬೇಕು. ಜಗಲಿಯಲ್ಲಿ ನಿಂತು ಕೇಳ್ತೆ, ಅರ್ಧ ಆಗೂದ್ರೊಳಗೆ ಹೋಗಿ ನಾನೇ ಗಂಟೆ ಹೊಡೀಬೇಕು."